ನಿಸರ್ಗದ ಆಯ್ಕೆ ನಡೆಯುತ್ತಲೇ ಇದ್ದರೂ ಕೆಟ್ಟ ಜೀನು ಯಾಕೆ ಪೂರ್ತಿ ಅಳಿಯುವುದಿಲ್ಲ?

ನಮ್ಮ ಕಾಸರಗೋಡಿನ ಕಡೆ ಅಡಿಕೆ ಸಸಿ ಮಾಡುವವರನ್ನು ಕೇಳಿ. ಅಪರೂಪಕ್ಕೆ ಪಾತಿಯಲ್ಲಿ ಒಂದು ಬೆಳ್ಳಗಿನ ಸಸಿ ಏಳುತ್ತದೆ. ಎಲೆಯಲ್ಲಿ ಹಸಿರೇ ಇಲ್ಲ. ಬೀಜದೊಳಗಿನ ಆಹಾರ ಮುಗಿದ ಮೇಲೆ ಬಾಡಿ ಸಾಯುತ್ತದೆ.

ಲೆಕ್ಕಕ್ಕೆ, ಇದು ಒಂದೇ ಜೀನಿನ ದೋಷ, ತಾಯಿ, ತಂದೆ ಎರಡೂ ಕಡೆಯಿಂದ ಒಂದೊಂದು ಕೆಟ್ಟ ಪ್ರತಿ ಬಂದರೆ ಮಾತ್ರ ಕಾಣುವಂಥದ್ದು ಅಂತಿಟ್ಟುಕೊಳ್ಳಿ. ಜೀನಿನ ಪ್ರತಿಗಳಲ್ಲಿ ಸಾವಿರಕ್ಕೆ 1 ಕೆಟ್ಟದ್ದು ಎನ್ನೋಣ. ಎರಡು ಕೆಟ್ಟವು ಒಂದೇ ಸಸಿಯಲ್ಲಿ ಸೇರುವುದು 10 ಲಕ್ಷಕ್ಕೆ 1 ಸಲ. ಆಯ್ಕೆಯ ಕತ್ತಿ ಬೀಳುವುದು ಅದರ ಮೇಲೆ ಮಾತ್ರ. ಆದರೆ ಹೆಚ್ಚುಕಡಿಮೆ 500ಕ್ಕೆ 1 ಸಸಿ ಒಂದೇ ಕೆಟ್ಟ ಪ್ರತಿ ಇಟ್ಟುಕೊಂಡು ಹಸಿರಾಗಿಯೇ ಬೆಳೆಯುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ!

ಈಗ ಮ್ಯುಟೇಶನ್, ಅಂದರೆ ಜೀನಿನಲ್ಲಿ ತಾನಾಗಿ ಆಗುವ ಬದಲಾವಣೆ, ತಲೆಮಾರಿಗೆ 10 ಲಕ್ಷದಲ್ಲಿ 1 ಪ್ರತಿಯನ್ನು ಹೊಸದಾಗಿ ಕೆಡಿಸಿದರೆ? ಹೋದಷ್ಟೇ ಬಂತು, ಅಲ್ವಾ? ಪಾಲು ಅಲ್ಲೇ ನಿಲ್ಲುತ್ತದೆ. ಅಂದರೆ ಕೆಟ್ಟ ಜೀನಿನ ಪಾಲು ಮ್ಯುಟೇಶನ್ ದರದ ವರ್ಗಮೂಲ. ಸಾವು ಖಚಿತವಲ್ಲದಿದ್ದರೆ ದರವನ್ನು ಆಯ್ಕೆಯ ಬಲದಿಂದ (ಅಂಥ ಸಸಿಗಳಲ್ಲಿ ಎಷ್ಟು ಪಾಲು ಅಳಿಯುತ್ತದೆ ಎಂಬುದರಿಂದ) ಭಾಗಿಸಿ ವರ್ಗಮೂಲ ತೆಗೆಯಬೇಕು. 1957ರಲ್ಲಿ ಭಾರತಕ್ಕೇ ಬಂದು ನೆಲೆಸಿದ ಬ್ರಿಟಿಷ್ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ 1927ರಲ್ಲೇ ಈ ಬಗೆಯ ಲೆಕ್ಕ ಹಾಕಿದ್ದರು.

ಒಂದು ಮಾತು: ಇದು ದೊಡ್ಡ ಗುಂಪಿಗೆ, ಬೆರಕೆ ಪರಾಗಸ್ಪರ್ಶ ಇದ್ದಾಗ. ನಾಲ್ಕೇ ತಾಯಿಮರದ ಬೀಜ ಹಾಕಿದರೆ ಸೂತ್ರಕ್ಕಿಂತ ಅದೃಷ್ಟದ ಆಟವೇ ಜಾಸ್ತಿ.