ಬಿಸಿಯಾದರೆ ನಿಲ್ಲುವ ಕಾರು

ಪ್ರಶ್ನೆ: ನನ್ನದು 2004ರ ಪೆಟ್ರೋಲ್ ಕಾರು, ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಬೇರೆ ಇಂಜೆಕ್ಟರಿನಿಂದ ಪೆಟ್ರೋಲ್ ಹೋಗುವ) ಎಂಜಿನ್. ದೇವಿಮನೆ ಘಾಟಿ ಹತ್ತುವಾಗ ಒಮ್ಮೊಮ್ಮೆ ಸುಮ್ನೆ ಆಫ್ ಆಗುತ್ತದೆ. ಅರ್ಧ ಗಂಟೆ ಬಿಟ್ಟರೆ ಮತ್ತೆ ಸ್ಟಾರ್ಟ್. ಪ್ಲಗ್, ಪೆಟ್ರೋಲ್ ಫಿಲ್ಟರ್ ಬದಲಿಸಿದ್ದಾಯಿತು. ಗ್ಯಾರೇಜಿಗೆ ಒಯ್ದರೆ ಸರಿಯಾಗೇ ಓಡುತ್ತದೆ!
— ಓದುಗರು, ಶಿರಸಿ

ಉತ್ತರ: ಗ್ಯಾರೇಜ್ ಮುಟ್ಟುವಷ್ಟರಲ್ಲಿ ಎಂಜಿನ್ ತಣ್ಣಗಾಗಿರುತ್ತದೆ, ತೊಂದರೆ ಹೇಗೆ ಸಿಗಬೇಕು? ನಿಂತ ಜಾಗದಲ್ಲೇ ನೋಡಬೇಕು. ಮೊದಲು ಕಾರನ್ನು ಬದಿಗೆ ತನ್ನಿ. ಎಂಜಿನ್ ನಿಂತರೆ ಬ್ರೇಕ್ ಗಟ್ಟಿಯಾಗುತ್ತದೆ. ಪದೇ ಪದೇ ಒತ್ತಬೇಡಿ, ಒಂದೇ ಸಲ ಬಲವಾಗಿ ಒತ್ತಿ ಹಿಡಿಯಿರಿ.

ಆಮೇಲೆ ಕೀ ಆನ್ ಮಾತ್ರ ಮಾಡಿ. ಹಿಂದಿನ ಸೀಟಿನ ಕಡೆಯಿಂದ ಎರಡು ಸೆಕೆಂಡ್ ಗುಂಯ್ ಅನ್ನಬೇಕು. ಅದು ಪೆಟ್ರೋಲ್ ಪಂಪಿನ ಸದ್ದು. ಬರಲಿಲ್ಲವೋ, ಪಂಪು, ರಿಲೇ (ಪಂಪಿಗೆ ಕರೆಂಟ್ ಬಿಡುವ ಸ್ವಿಚ್), ವೈರಿಂಗ್ ನೋಡಿಸಿ. ಸದ್ದಿದೆ, ಆದರೆ ಪ್ಲಗ್ಗಿನಲ್ಲಿ ಕಿಡಿ ಇಲ್ಲ ಅಂದರೆ ನನ್ನ ಅನುಮಾನ ಕ್ರ್ಯಾಂಕ್ ಸೆನ್ಸರ್ ಮೇಲೆ, ಅಂದರೆ ಎಂಜಿನ್ ತಿರುಗುವುದನ್ನು ಗುರುತಿಸುವ ಸೆನ್ಸರ್. ಹಳೆಯದಾದಾಗ ಅದರೊಳಗಿನ ಸಣ್ಣ ತಂತಿಯ ಸುರುಳಿ ಬಿಸಿಗೆ ಬಿಟ್ಟುಕೊಳ್ಳುತ್ತದೆ, ತಣ್ಣಗಾದರೆ ಮತ್ತೆ ಕೂಡಿಕೊಳ್ಳುತ್ತದೆ. ನಿಮ್ಮ ಅರ್ಧ ಗಂಟೆಗೂ ಇದಕ್ಕೂ ತಾಳೆಯಾಗುತ್ತದೆ, ಅಲ್ವಾ? ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಕೂಡ ಹೀಗೆ ಕೈಕೊಡಬಹುದು. ಬ್ಯಾಟರಿಯ ಅರ್ತ್ ವೈರ್ ಬಿಗಿ ಇದೆಯೇ ಅಂತಲೂ ನೋಡಿ, ಅದಕ್ಕೆ ಖರ್ಚಿಲ್ಲ. ಇಷ್ಟೆಲ್ಲ ನೋಡುವ ಮೊದಲು ಇಸಿಎಂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಬದಲಿಸಿ ಅಂತ ಯಾರಾದರೂ ಹೇಳಿದರೆ ಖಂಡಿತ ಒಪ್ಪಬೇಡಿ. ಅದರ ದುಡ್ಡು ತುಂಬಾ ಜಾಸ್ತಿ.