ಡೇಸಿಯನ್ನರು ನಿಜಕ್ಕೂ ಅನಾಗರಿಕರಾಗಿದ್ದರೇ?

ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಈಗಿನ ರೊಮೇನಿಯಾದ ಕಡೆ ಬಾಳಿದ, ರೋಮನ್ನರು ಸೋಲಿಸಿದ ಡೇಸಿಯನ್ನರು ಬರೀ ಗುಡ್ಡಗಾಡಿನ ಅನಾಗರಿಕರೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ಅವರ ಬಗ್ಗೆ ನಾವು ಓದುವುದೆಲ್ಲ ಗ್ರೀಕರು, ರೋಮನ್ನರು ಬರೆದದ್ದು. ಅವರದೇ ಗ್ರಂಥ ಒಂದೂ ಉಳಿದಿಲ್ಲ. ಅದಕ್ಕೇ ನಾನು ಮೊದಲು ನಂಬುವುದು ಅವರು ಕಟ್ಟಿದ ಗೋಡೆಗಳನ್ನು.

ಈಗಿನ ರೊಮೇನಿಯಾದ ಒರಾಷ್ಟಿಯೆ ಬೆಟ್ಟಗಳಲ್ಲಿ ಅವರ ರಾಜಧಾನಿ ಸರ್ಮಿಜೆಗೆಟುಸಾ ಇತ್ತು. ಅಲ್ಲಿನ ಕೋಟೆಗೋಡೆಯ ಒಳಗೂ ಹೊರಗೂ ನಯವಾಗಿ ಕಡಿದ ಸುಣ್ಣಕಲ್ಲು, ನಡುವೆ ಮಣ್ಣು ಮತ್ತು ಒಡೆದ ಕಲ್ಲು. ಗಾರೆ ಹಾಕಿಲ್ಲ. ಕಲ್ಲಿನ ಮೇಲ್ಮೈಯಲ್ಲಿ ಓರೆಯಾಗಿ ಕಚ್ಚು ಕೊರೆದು, ಮರದ ತೊಲೆಯ ತುದಿ ಜಾರದಂತೆ ಕೂರಿಸಿ, ಎರಡೂ ಬದಿಯ ಗೋಡೆಗಳನ್ನು ಬಿಗಿದಿದ್ದಾರೆ. ಮರ ಎಂದೋ ಹೋಗಿದೆ, ಕಚ್ಚುಗಳು ಇವತ್ತಿಗೂ ಕಾಣುತ್ತವೆ. ಆ ಸುಣ್ಣಕಲ್ಲು ಆ ಬೆಟ್ಟದ್ದೂ ಅಲ್ಲ. ದೂರದ ಗಣಿಯಿಂದ ಹೊತ್ತು ತಂದದ್ದು. ಗ್ರೀಕರ ಕಟ್ಟುವ ವಿದ್ಯೆಯನ್ನು ಕಲಿತು, ಮರದ ಕೆಲಸ ಸೇರಿಸಿ ತಮ್ಮದಾಗಿಸಿಕೊಂಡ ಜನ ಇವರು. 1999ರಲ್ಲಿ ಇಲ್ಲಿನ ಆರು ಕೋಟೆಗಳು ಯುನೆಸ್ಕೋ ಪಟ್ಟಿ ಸೇರಿದವು.

ಧರ್ಮದ ವಿಷಯಕ್ಕೆ ಬಂದರೆ, ಇವರ ಬಂಧುಗಳೇ ಆದ ಗೆಟೇ ಜನರ ಬಗ್ಗೆ ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಸತ್ತವರು ಜಾಲ್ಮೋಕ್ಸಿಸ್ ದೇವರ ಬಳಿ ಹೋಗುತ್ತಾರೆಂದು ಅವರ ನಂಬಿಕೆ. ಕೆಲವು ವರ್ಷಕ್ಕೊಮ್ಮೆ ಚೀಟಿ ಎತ್ತಿ ಒಬ್ಬನನ್ನು ದೂತನಾಗಿ ಆರಿಸಿ, ತಮ್ಮ ಬೇಡಿಕೆಗಳನ್ನು ಅವನಿಗೆ ಹೇಳಿ, ಮೂರು ಈಟಿಗಳ ಮೊನೆಯ ಮೇಲೆ ಎಸೆಯುತ್ತಿದ್ದರಂತೆ. ಅವನು ಸಾಯದಿದ್ದರೆ ಅವನೇ ಕೆಟ್ಟವನೆಂದು ಬೈದು ಇನ್ನೊಬ್ಬನನ್ನು ಕಳಿಸುತ್ತಿದ್ದರಂತೆ. ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಇದು ಹೊರಗಿನವನ ಮಾತು ಎಂಬುದನ್ನು ಮರೆಯಬಾರದು.

ಕ್ರಿಸ್ತಪೂರ್ವ ಮೊದಲ ಶತಮಾನದಲ್ಲಿ ರಾಜ ಬುರೆಬಿಸ್ತಾ ಡೇಸಿಯನ್ನರ ಪಂಗಡಗಳನ್ನು ಒಗ್ಗೂಡಿಸಿದ. ಮುಂದೆ ಬಂದ ರಾಜ ಡೆಸೆಬಾಲಸ್ ರೋಮ್ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಹಣವನ್ನಷ್ಟೇ ಅಲ್ಲ, ಕುಶಲಕರ್ಮಿಗಳನ್ನೂ ಪಡೆದುಕೊಂಡ. ಎಂಥ ದೂರದೃಷ್ಟಿ! ಅವನ ಸೈನಿಕರ ಬಾಗಿದ ಕತ್ತಿ ಫಾಲ್ಕ್ಸ್‌ನ ಹೊಡೆತ ತಡೆಯಲು ರೋಮನ್ನರು ಶಿರಸ್ತ್ರಾಣದ ಮೇಲೆ ಕಬ್ಬಿಣದ ಅಡ್ಡಪಟ್ಟಿ ಬಡಿಯಬೇಕಾಯಿತು. ಕ್ರಿಸ್ತಶಕ 101-102 ಮತ್ತು 105-106ರ ಎರಡು ಯುದ್ಧಗಳ ನಂತರವೇ ಸಾಮ್ರಾಟ ಟ್ರೇಜನ್‌ಗೆ ಡೇಸಿಯ ದಕ್ಕಿತು. ಸೆರೆ ಸಿಗುವ ಬದಲು ಡೆಸೆಬಾಲಸ್ ತಾನೇ ಪ್ರಾಣ ಕಳೆದುಕೊಂಡ. ರೋಮ್‌ನ ಟ್ರೇಜನ್ ಸ್ತಂಭದಲ್ಲಿ ಆ ದೃಶ್ಯವಿದೆ. ಅವನ ತಲೆಯನ್ನು ಟ್ರೇಜನ್‌ಗೆ ಒಪ್ಪಿಸಿದ ಸೈನಿಕನ ಸಮಾಧಿಕಲ್ಲೂ ಗ್ರೀಸ್‌ನಲ್ಲಿ ಸಿಕ್ಕಿದೆ.

ಬುಕಾರೆಸ್ಟ್‌ಗೆ ಹೋಗುವ ಅವಕಾಶ ಸಿಕ್ಕರೆ ರಾಷ್ಟ್ರೀಯ ಇತಿಹಾಸ ವಸ್ತುಸಂಗ್ರಹಾಲಯದ ಚಿನ್ನದ ಸುರುಳಿ ಕಡಗಗಳನ್ನು ತಪ್ಪದೆ ನೋಡಿ. ನಿಧಿಗಳ್ಳರು ಸರ್ಮಿಜೆಗೆಟುಸಾದಲ್ಲಿ ಅಗೆದು ಮಾರಿದ್ದನ್ನು ರೊಮೇನಿಯಾ ವಿದೇಶಗಳಿಂದ ಮರಳಿ ತಂದಿದೆ. ಹದಿಮೂರು ಕಡಗಗಳು ಬಂದಿವೆ, ಉಳಿದವಕ್ಕೆ ಹುಡುಕಾಟ ನಡೆದೇ ಇದೆ.