ಬ್ಯಾಂಡ್ ಹಾಕಿದ ಮೇಲೂ ಆ ಮಾತ್ರೆ ಏಕೆ?

ಸಿರೋಸಿಸ್ (ಯಕೃತ್ತು ಗಡುಸಾಗುವ ಕಾಯಿಲೆ) ಇರುವ ನಿಮ್ಮ ತಂದೆಯವರಿಗೆ ಬಿ.ಪಿ. ಕಾಯಿಲೆಯೇ ಇಲ್ಲ, ಅನ್ನನಾಳದ ಉಬ್ಬಿದ ರಕ್ತನಾಳಗಳಿಗೆ ಬ್ಯಾಂಡ್ (ಎಂಡೋಸ್ಕೋಪಿಯಲ್ಲಿ ಹಾಕುವ ರಬ್ಬರ್ ಉಂಗುರ) ಹಾಕಿಯೂ ಆಗಿದೆ, ಇನ್ನು ಬಿ.ಪಿ.ಗೂ ಕೊಡುವ ಪ್ರೊಪ್ರನೊಲಾಲ್ ಮಾತ್ರೆ ನಿಲ್ಲಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ. ಬ್ಯಾಂಡ್ ಆ ನಾಳವನ್ನು ಬಿಗಿದು ಮುಚ್ಚುತ್ತದೆ, ಅಷ್ಟೇ. ಯಕೃತ್ತು ಗಡುಸಾಗಿ, ಅದರೊಳಗೆ ಹೋಗುವ ಪೋರ್ಟಲ್ ರಕ್ತನಾಳದಲ್ಲಿ ಏರಿರುವ ಒತ್ತಡ ಹಾಗೆಯೇ ಉಳಿದಿರುತ್ತದೆ. ಅದನ್ನು ತಗ್ಗಿಸುವುದು ಈ ಮಾತ್ರೆ. ಮರಳಿ ರಕ್ತ ಸೋರದಿರಲು ಎರಡೂ ಬೇಕು. ನಾಳಗಳು ಪೂರ್ತಿ ಅಡಗುವವರೆಗೆ ಸಾಮಾನ್ಯವಾಗಿ 2ರಿಂದ 4 ವಾರಗಳಿಗೊಮ್ಮೆ ಎಂಡೋಸ್ಕೋಪಿಗೆ ಕರೆಯುತ್ತಾರೆ, ತಪ್ಪಿಸಬೇಡಿ. ಬಿ.ಪಿ.ಯ ಮೇಲಿನ ಅಂಕಿ 90ಕ್ಕಿಂತ ಇಳಿದರೆ ಅಥವಾ ತಲೆ ಸುತ್ತಿದರೆ ಅಂದೇ ವೈದ್ಯರಿಗೆ ತಿಳಿಸಿ.

ಮಂಡಿನೋವೆಂದು ಔಷಧಿ ಅಂಗಡಿಯಿಂದ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ತಂದು ಕೊಡಲೇಬೇಡಿ, ಅದರಿಂದ ರಕ್ತ ಸೋರಬಹುದು. ಮಲ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ ಹೋದರೆ ಅದು ಒಳಗೆ ರಕ್ತ ಸೋರುತ್ತಿರುವ ಸೂಚನೆ; ರಕ್ತವಾಂತಿಯಾಗಲಿ ಎಂದು ಕಾಯದೆ, ನಡುರಾತ್ರಿಯಾದರೂ ಸರಿ, 108ಕ್ಕೆ ಕರೆ ಮಾಡಿ. ನೀವಿರುವುದು ಮಂಡ್ಯದಲ್ಲಿ, ಮೈಸೂರಿನವರೆಗೆ ಓಡುವ ಬದಲು ಮೊದಲು ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ಮಿಮ್ಸ್ ಆಸ್ಪತ್ರೆಗೇ ಸೇರಿಸಿ.